ಥ್ರಾಟಲ್ ಸೆನ್ಸರ್ ದೋಷ: ಬಿಡಿಭಾಗ ಬದಲಿಸುವ ಮುನ್ನ ತಂತಿಗಳ ಪರೀಕ್ಷೆ

ವ್ಯಾಪಾರ ಸಂಸ್ಥೆಗಳ ಖರ್ಚಿನ ಪಟ್ಟಿಯಲ್ಲಿ ‘ವಾಹನ ರಿಪೇರಿ ಮತ್ತು ನಿರ್ವಹಣೆ’ ಎಂಬುದು ಬಹುಮಟ್ಟಿಗೆ ಪ್ರಶ್ನೆಗೊಳಗಾಗದೆ ಉಳಿಯುವ ಬಾಬ್ತು. ಕಚ್ಚಾ ಮಾಲಿನ ದರ ಕಿಲೋಗೆ 50 ಪೈಸೆ ಹೆಚ್ಚಾದರೆ ಮೂರು ಕಡೆ ವಿಚಾರಿಸುವ ಉದ್ಯಮಿಯೇ ಗ್ಯಾರೇಜಿನಿಂದ ಬಂದ ಬಿಲ್ಲಿನ ಹಣವನ್ನು ಮರುಮಾತಿಲ್ಲದೆ ಪಾವತಿಸುತ್ತಾರೆ. ಕಾರಿನ ವಿದ್ಯುತ್ ವ್ಯವಸ್ಥೆ ತಮಗೆ ತಿಳಿಯದ ವಿಷಯವೆಂಬ ಸಂಕೋಚವೇ ಇದಕ್ಕೆ ಕಾರಣ. ಆದರೆ ಪೆಟ್ರೋಲ್ ಕಾರುಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಒಂದು ದೋಷವನ್ನಾದರೂ ವೋಲ್ಟ್ ಎಂಬ ಪದದ ಅರ್ಥ ಬಲ್ಲ ಯಾರಾದರೂ ಅರಿಯಬಹುದು. ಅದು ಥ್ರಾಟಲ್ ಪೊಸಿಷನ್ ಸೆನ್ಸರಿನ ದೋಷ. ಈ ದೋಷದ ಹೆಸರಿನಲ್ಲಿ ಸುಸ್ಥಿತಿಯಲ್ಲಿರುವ ಬಿಡಿಭಾಗಗಳು ಬದಲಾಗುವುದು ಅಪರೂಪವೇನಲ್ಲ.

ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ಬಿಲ್ಲೆಯಾಕಾರದ ಒಂದು ಕವಾಟವಿರುತ್ತದೆ. ಚಾಲಕರು ಎಕ್ಸಲರೇಟರ್ ಒತ್ತಿದಂತೆ ಅದು ತೆರೆಯುತ್ತದೆ. ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇ.ಸಿ.ಯು.ಗೆ, ವರದಿ ಮಾಡುವ ಗುಮಾಸ್ತನೇ ಈ ಸೆನ್ಸರ್. ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬ ನಿರ್ಧಾರಗಳಲ್ಲಿ ಈ ವರದಿಗೆ ದೊಡ್ಡ ಪಾತ್ರವಿದೆ. ವರದಿ ತಪ್ಪಾದರೆ ಪಿಕಪ್ ಕುಸಿಯುತ್ತದೆ, ನಿಂತಲ್ಲಿ ಎಂಜಿನ್ನಿನ ವೇಗ ಏರಿಳಿಯುತ್ತದೆ, ಮೈಲೇಜ್ ಇಳಿಯುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಗೇರುಗಳು ಅಕಾಲದಲ್ಲಿ ಬದಲಾಗುತ್ತವೆ. ಕವಾಟ ಪೂರ್ತಿ ತೆರೆದಿದೆಯೆಂಬ ಸುಳ್ಳು ವರದಿ ಬಂದಾಗ ಕೆಲವು ಕಾರುಗಳು ಸ್ಟಾರ್ಟೇ ಆಗುವುದಿಲ್ಲ. ಎಂಜಿನ್ನಿನಲ್ಲಿ ಪೆಟ್ರೋಲ್ ತುಂಬಿಹೋಗಿದೆಯೆಂದು ಚಾಲಕರು ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದಿದ್ದಾರೆಂದು ಭಾವಿಸುವ ಇ.ಸಿ.ಯು. ಪೆಟ್ರೋಲ್ ಸರಬರಾಜನ್ನೇ ನಿಲ್ಲಿಸಿಬಿಡುತ್ತದೆ.

ಸಂಕೇತ ಹೇಳುವುದೇನು?

ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಸ್ವಯಂ ರೋಗಪತ್ತೆ ವ್ಯವಸ್ಥೆಯು ಭಾರತದಲ್ಲಿ ಭಾರತ್ ಸ್ಟೇಜ್ 4 ನಿಯಮಗಳೊಂದಿಗೆ ಬಂದಿತು. ಅದರ ಮೊದಲ ಹಂತ 2010ರ ಏಪ್ರಿಲಿನಿಂದಲೂ ಎರಡನೆಯ ಹಂತ 2013ರ ಏಪ್ರಿಲಿನಿಂದಲೂ ಜಾರಿಯಾದವು. ದೋಷ ಕಂಡಾಗ ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ದೀಪ ಬೆಳಗುತ್ತದೆ. ಸ್ಕ್ಯಾನರ್ ಜೋಡಿಸಿದರೆ ಒಂದು ಸಂಕೇತ ಕಾಣುತ್ತದೆ. ಥ್ರಾಟಲ್ ಸೆನ್ಸರಿಗೆ ಸಂಬಂಧಿಸಿದ ಸಂಕೇತಗಳು ಪಿ 0120ರಿಂದ ಪಿ 0124ರವರೆಗಿನವು. ಇವುಗಳಲ್ಲಿ ಪಿ 0122 ಎಂದರೆ ವೋಲ್ಟೇಜ್ ಇರಬೇಕಾದುದಕ್ಕಿಂತ ಕಡಿಮೆ, ಪಿ 0123 ಎಂದರೆ ಹೆಚ್ಚು, ಪಿ 0124 ಎಂದರೆ ಬಿಟ್ಟು ಬಿಟ್ಟು ಬರುವ ದೋಷ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸಂಕೇತಗಳ ವಿವರಣೆಯಲ್ಲಿ ಇರುವ ಪದ ‘ಸರ್ಕಿಟ್’. ಸೆನ್ಸರ್, ಅದರ ಕನೆಕ್ಟರ್, ಮೂರು ತಂತಿಗಳು ಮತ್ತು ಇ.ಸಿ.ಯು. ಇವೆಲ್ಲವೂ ಸೇರಿ ಸರ್ಕಿಟ್ ಆಗುತ್ತದೆ. ಈ ಸರಪಳಿಯಲ್ಲಿ ಎಲ್ಲೋ ಲೆಕ್ಕ ತಪ್ಪಿದೆ ಎಂದಷ್ಟೇ ಸಂಕೇತ ಹೇಳುತ್ತದೆ, ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ತಾಳೆಪಟ್ಟಿ ಹೊಂದಲಿಲ್ಲವೆಂದು ಯಾವ ವರ್ತಕರೂ ಮೊದಲು ಗುಮಾಸ್ತನನ್ನು ಬದಲಾಯಿಸುವುದಿಲ್ಲ, ವ್ಯತ್ಯಾಸ ಯಾವ ಖಾತೆಯಲ್ಲಿದೆ ಎಂದು ಹುಡುಕಿಸುತ್ತಾರೆ. ಗ್ಯಾರೇಜಿನಲ್ಲಿ ಮಾತ್ರ ಗುಮಾಸ್ತನೇ ಮೊದಲು ಮನೆಗೆ ಹೋಗುತ್ತಾನೆ.

ಮೂರು ತಂತಿಗಳು

ಎಕ್ಸಲರೇಟರ್ ಕೇಬಲ್ಲಿನಿಂದ ನಡೆಯುವ ಸಾಮಾನ್ಯ ಕಾರಿನಲ್ಲಿ ಈ ಸೆನ್ಸರ್ ಹಳೆಯ ರೇಡಿಯೋದ ಧ್ವನಿ ಹೆಚ್ಚು-ಕಡಿಮೆ ಮಾಡುವ ತಿರುಗುಗುಂಡಿಯ ತತ್ತ್ವದಲ್ಲಿ ಕೆಲಸ ಮಾಡುತ್ತದೆ. ಒಂದು ತಂತಿಯಲ್ಲಿ ಇ.ಸಿ.ಯು. 5 ವೋಲ್ಟ್ ಕಳುಹಿಸುತ್ತದೆ. ಇನ್ನೊಂದು ಅರ್ಥ್ ತಂತಿ. ಇವೆರಡರ ನಡುವಿನ ಇಂಗಾಲದ ಪಟ್ಟಿಯ ಮೇಲೆ ಕವಾಟದೊಂದಿಗೆ ಜಾರುವ ಒಂದು ಕಡ್ಡಿಯಿದ್ದು, ಅದು ಮುಟ್ಟಿದ ಸ್ಥಳದ ವೋಲ್ಟೇಜ್ ಮೂರನೆಯ ತಂತಿಯ ಮೂಲಕ ಇ.ಸಿ.ಯು.ಗೆ ಮರಳುತ್ತದೆ. ಇದೇ ಸಿಗ್ನಲ್. ಕವಾಟ ಮುಚ್ಚಿದ್ದಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕರಿಂದ ನಾಲ್ಕೂವರೆ ವೋಲ್ಟ್ ಇರುತ್ತದೆ. ನಿಖರ ಅಂಕಿಗಳು ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ ಆಯಾ ಕಾರಿನ ಸರ್ವಿಸ್ ಕೈಪಿಡಿಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು.

ಪರೀಕ್ಷೆಗೆ ಬೇಕಾಗುವುದು ಒಂದು ಮಲ್ಟಿಮೀಟರ್ ಮಾತ್ರ. ಕೀ ಆನ್ ಇರಬೇಕು, ಎಂಜಿನ್ ನಿಂತಿರಬೇಕು. ಕನೆಕ್ಟರನ್ನು ಕಳಚಿ, ತಂತಿಯ ಕಡೆಯ ಭಾಗದಲ್ಲಿ 5 ವೋಲ್ಟಿನ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆಯುವುದು ಮೊದಲ ಹೆಜ್ಜೆ. 5 ವೋಲ್ಟ್ ಸಿಕ್ಕಿದರೆ ಸರಬರಾಜು ಸರಿಯಿದೆ. ಎರಡನೆಯದಾಗಿ ಮೀಟರಿನ ಒಂದು ಕಡ್ಡಿಯನ್ನು 5 ವೋಲ್ಟಿನ ಪಿನ್ನಿನಲ್ಲೇ ಉಳಿಸಿ, ಇನ್ನೊಂದನ್ನು ಬ್ಯಾಟರಿಯಿಂದ ತೆಗೆದು ಸೆನ್ಸರಿನ ಅರ್ಥ್ ಪಿನ್ನಿಗೆ ಮುಟ್ಟಿಸಬೇಕು. ಆಗಲೂ 5 ವೋಲ್ಟ್ ಇದ್ದರೆ ಅರ್ಥ್ ತಂತಿ ತುಂಡಾಗಿಲ್ಲ. ಕನೆಕ್ಟರನ್ನು ಮತ್ತೆ ಜೋಡಿಸಿ, ಅರ್ಥ್ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜ್ ಅಳೆದಾಗ ಅದು 0.1 ವೋಲ್ಟಿಗಿಂತ ಕಡಿಮೆಯಿರಬೇಕು. ಹೆಚ್ಚಿದ್ದರೆ ಎಲ್ಲೋ ತುಕ್ಕು ಅಥವಾ ಲೂಸ್ ಕಾಂಟ್ಯಾಕ್ಟ್ ಇದೆಯೆಂದೇ ತಿಳಿಯಬೇಕು. ಕೊನೆಯದಾಗಿ ಸಿಗ್ನಲ್ ತಂತಿಗೆ ಕನೆಕ್ಟರಿನ ಹಿಂಭಾಗದಿಂದ ಕಡ್ಡಿ ತೂರಿಸಿ ಎಕ್ಸಲರೇಟರನ್ನು ನಿಧಾನವಾಗಿ ಒತ್ತುತ್ತಾ ಹೋದರೆ ವೋಲ್ಟೇಜ್ ಎಲ್ಲಿಯೂ ಜಿಗಿಯದೆ, ಬೀಳದೆ ಏರಬೇಕು.

ಬ್ಯಾಟರಿಯ 12 ವೋಲ್ಟನ್ನು ಈ ತಂತಿಗಳಿಗೆ ಯಾವ ಕಾರಣಕ್ಕೂ ಮುಟ್ಟಿಸಬಾರದು, ಇ.ಸಿ.ಯು. ಸುಟ್ಟುಹೋಗಬಹುದು. ಬಲ್ಬಿನ ಟೆಸ್ಟರನ್ನು ಬಳಸುವ ಅಭ್ಯಾಸವೂ ಇಲ್ಲಿ ಸಲ್ಲದು. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಅಳೆಯುವವರಿದ್ದಾರೆ. ಆ ರಂಧ್ರದಲ್ಲಿ ನೀರು ಇಳಿದು ಮುಂದಿನ ಮಳೆಗಾಲಕ್ಕೆ ಹೊಸ ದೋಷ ಸಿದ್ಧವಾಗುತ್ತದೆ.

ಒಂದು ಉದಾಹರಣೆ

ಔಷಧ ಸಗಟು ವ್ಯಾಪಾರ ನಡೆಸುವ ಸಂಸ್ಥೆಯೊಂದರ ಹತ್ತು ವರ್ಷದ ಹಳೆಯ ಪೆಟ್ರೋಲ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರತಿನಿಧಿ ಹುಬ್ಬಳ್ಳಿಯಿಂದ ಗದಗಿಗೆ ಹೊರಟಾಗ ದೀಪ ಬೆಳಗುತ್ತದೆ, ಕಾರು ಜಗ್ಗುತ್ತದೆ. ಸ್ಕ್ಯಾನರಿನಲ್ಲಿ ಬಂದ ಸಂಕೇತ ಪಿ 0123, ವೋಲ್ಟೇಜ್ ಹೆಚ್ಚು. ಸೆನ್ಸರ್ ಬದಲಿಸಬೇಕೆಂಬ ಸಲಹೆ ಬರುತ್ತದೆ, ಬದಲಿಸಲಾಗುತ್ತದೆ. ಕೀ ತಿರುಗಿಸಿದ ಸ್ವಲ್ಪ ಹೊತ್ತಿಗೇ ಅದೇ ದೀಪ, ಅದೇ ಸಂಕೇತ. ಇನ್ನು ಇ.ಸಿ.ಯು. ಕೆಟ್ಟಿರಬೇಕೆಂಬ ಮಾತು ಆರಂಭವಾಗುತ್ತದೆ.

ಮೇಲಿನ ಕ್ರಮದಲ್ಲಿ ಅಳೆದಿದ್ದರೆ ಏನಾಗುತ್ತಿತ್ತು? 5 ವೋಲ್ಟಿನ ಪಿನ್ನಿನಿಂದ ಬ್ಯಾಟರಿಯ ಋಣ ತುದಿಗೆ 5 ವೋಲ್ಟ್ ಬರುತ್ತದೆ. ಅದೇ ಪಿನ್ನಿನಿಂದ ಸೆನ್ಸರಿನ ಅರ್ಥ್ ಪಿನ್ನಿಗೆ ಅಳೆದರೆ ಸೊನ್ನೆ. ಅಂದರೆ ಅರ್ಥ್ ತಂತಿ ತುಂಡಾಗಿದೆ. ಅರ್ಥ್ ಇಲ್ಲದಿದ್ದಾಗ ಇಂಗಾಲದ ಪಟ್ಟಿಯ ಉದ್ದಕ್ಕೂ ವೋಲ್ಟೇಜ್ ಇಳಿಯುವುದೇ ಇಲ್ಲ, ಕವಾಟ ಎಲ್ಲಿದ್ದರೂ ಸಿಗ್ನಲ್ ತಂತಿಯಲ್ಲಿ ಬಹುತೇಕ ಪೂರ್ತಿ 5 ವೋಲ್ಟ್ ಕಾಣುತ್ತದೆ. ಹೊಸ ಸೆನ್ಸರಾದರೂ ಅಷ್ಟೇ, ಹಳೆಯದಾದರೂ ಅಷ್ಟೇ. ಏರ್ ಫಿಲ್ಟರಿನ ಕಬ್ಬಿಣದ ಪಟ್ಟಿಗೆ ತಂತಿ ಉಜ್ಜಿ ಉಜ್ಜಿ ತುಂಡಾದ ಜಾಗ ಪತ್ತೆಯಾದರೆ ಅಲ್ಲಿ ಬೆಸುಗೆ ಹಾಕಿ, ಶಾಖಕ್ಕೆ ಬಿಗಿಯುವ ತೋಳು ಹೊದಿಸಿ, ಉಜ್ಜದಂತೆ ಕಟ್ಟಿದರೆ ಕೆಲಸ ಮುಗಿಯಿತು. ಬೇರೆ ಸೆನ್ಸರುಗಳು ಏಕೆ ದೂರಲಿಲ್ಲ ಎಂಬ ಪ್ರಶ್ನೆಗೂ ಉತ್ತರವಿದೆ: ಅರ್ಥ್ ತಂತಿ ಹಲವು ಸೆನ್ಸರುಗಳಿಗೆ ಕವಲೊಡೆದ ನಂತರದ ಭಾಗದಲ್ಲಿ ಇದು ತುಂಡಾಗಿತ್ತು.

ಸಂಕೇತ ಪಿ 0122 ಆಗಿದ್ದರೆ ವಿಚಾರಣೆಯ ದಿಕ್ಕು ಬೇರೆ. 5 ವೋಲ್ಟ್ ಬಾರದಿದ್ದರೂ ವೋಲ್ಟೇಜ್ ಕಡಿಮೆಯಾಗುತ್ತದೆ, ಸಿಗ್ನಲ್ ತಂತಿ ಬಾಡಿಗೆ ತಗುಲಿದ್ದರೂ ಕಡಿಮೆಯಾಗುತ್ತದೆ. ಹಲವು ಕಾರುಗಳಲ್ಲಿ ಆ ತಂತಿ ತುಂಡಾದರೂ ಇದೇ ಫಲ. 5 ವೋಲ್ಟ್ ಮತ್ತು ಅರ್ಥ್ ಎರಡೂ ಸರಿಯಿದ್ದರೆ, ಕಳಚಿದ ಕನೆಕ್ಟರಿನ 5 ವೋಲ್ಟಿನ ಪಿನ್ನನ್ನೂ ಸಿಗ್ನಲ್ ಪಿನ್ನನ್ನೂ ಒಂದು ಸಣ್ಣ ತಂತಿಯಿಂದ ಜೋಡಿಸಿ ಸ್ಕ್ಯಾನರ್ ನೋಡಬೇಕು. ಅಲ್ಲಿ 5 ವೋಲ್ಟಿಗೆ ಸಮೀಪದ ಅಂಕಿ ಕಂಡರೆ ತಂತಿಯೂ ಇ.ಸಿ.ಯು. ಕೂಡ ನಿರ್ದೋಷಿಗಳು, ಆಗ ಸೆನ್ಸರ್ ಬದಲಿಸುವುದು ನ್ಯಾಯ. ಅಂಕಿ ಕದಲದಿದ್ದರೆ ಹೊಸ ಸೆನ್ಸರಿಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

5 ವೋಲ್ಟಿನ ಸರಬರಾಜು ಅನೇಕ ಕಾರುಗಳಲ್ಲಿ ಹಲವು ಸೆನ್ಸರುಗಳಿಗೆ ಸಾಮಾನ್ಯವಾಗಿರುತ್ತದೆ. ಇನ್‌ಟೇಕ್ ಒತ್ತಡದ ಸೆನ್ಸರ್ ಒಳಗೇ ಶಾರ್ಟ್ ಆದರೆ ಥ್ರಾಟಲ್ ಸೆನ್ಸರಿನ ಸಂಕೇತವೂ ಜೊತೆಗೆ ಬರುತ್ತದೆ. ಎರಡು ಮೂರು ಸಂಕೇತಗಳು ಒಟ್ಟಿಗೆ ಬಂದಾಗ ಎರಡು ಮೂರು ಸೆನ್ಸರುಗಳನ್ನು ಖರೀದಿಸುವ ಬದಲು ಒಂದೊಂದಾಗಿ ಕನೆಕ್ಟರ್ ಕಳಚುತ್ತಾ ಬಂದು, ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೆ ಎಂದು ನೋಡುವುದು ಸರಿಯಾದ ಮಾರ್ಗ.

ಸೆನ್ಸರೇ ಕೆಟ್ಟಿರುವ ಪ್ರಸಂಗಗಳೂ ಇವೆ

ಇಂಗಾಲದ ಪಟ್ಟಿ ಸವೆಯುತ್ತದೆ. ನಗರದ ಸಂಚಾರದಲ್ಲಿ ಕವಾಟ ಬಹುಕಾಲ ಸ್ವಲ್ಪವೇ ತೆರೆದಿರುವುದರಿಂದ ಸವೆತವೂ ಮುಚ್ಚಿದ ಸ್ಥಾನದ ಸಮೀಪದಲ್ಲಿಯೇ ಹೆಚ್ಚು. ಆ ಜಾಗವನ್ನು ದಾಟುವಾಗ ಸಿಗ್ನಲ್ ಕ್ಷಣಕಾಲ ಬಿದ್ದು ಏಳುತ್ತದೆ, ಕಾರು ಮುಗ್ಗರಿಸುತ್ತದೆ. ಇದನ್ನು ಹಿಡಿಯಲು ಅಂಕಿ ತೋರಿಸುವ ಡಿಜಿಟಲ್ ಮೀಟರ್ ನಿಧಾನ, ಕ್ಷಣಿಕ ಕುಸಿತ ಅದರ ಕಣ್ಣು ತಪ್ಪಿಸುತ್ತದೆ. ಮೂಲೆ ಸೇರಿದ ಹಳೆಯ ಮುಳ್ಳಿನ ಮೀಟರೇ ಇಲ್ಲಿ ವಾಸಿ, ಮುಳ್ಳು ಅಲುಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಉತ್ತಮ.

ತಂತಿ ಮತ್ತು ಕನೆಕ್ಟರಿನ ದೋಷಗಳಿಗೆ ನಮ್ಮಲ್ಲಿ ಕಾರಣಗಳಿಗೇನೂ ಕೊರತೆಯಿಲ್ಲ. ಗೋದಾಮಿನ ಪಕ್ಕ ನಿಲ್ಲುವ ಕಾರಿನ ತಂತಿಗಳನ್ನು ಇಲಿ ಕಡಿಯುತ್ತದೆ. ಕರಾವಳಿ, ಮಲೆನಾಡುಗಳ ತೇವದಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವಾಟರ್ ಸರ್ವಿಸ್ ಹೆಸರಿನಲ್ಲಿ ಎಂಜಿನ್ನಿನ ಮೇಲೆ ಒತ್ತಡದ ನೀರು ಹಾಯಿಸಿದಾಗ ಕನೆಕ್ಟರಿನೊಳಗೆ ನೀರು ಸೇರುತ್ತದೆ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ನಂತರ ಅಳವಡಿಸಿದ ಎಲ್.ಪಿ.ಜಿ. ಅಥವಾ ಸಿ.ಎನ್.ಜಿ. ಕಿಟ್. ಹಲವು ಕಿಟ್‌ಗಳ ನಿಯಂತ್ರಕಕ್ಕೆ ಥ್ರಾಟಲ್ ಸೆನ್ಸರಿನ ಸಿಗ್ನಲ್ ತಂತಿಯಿಂದಲೇ ಕವಲು ತೆಗೆದಿರುತ್ತಾರೆ. ಬೆಸುಗೆಯಿಲ್ಲದೆ ಸುತ್ತಿ ಟೇಪು ಹಾಕಿದ ಆ ಗಂಟು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ. ಕಾರು ನಿಂತಿರುವಾಗ ಮೀಟರ್ ನೋಡುತ್ತಾ ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿದರೆ ಇಂತಹ ಗಂಟು ತಾನಾಗಿಯೇ ಬಯಲಾಗುತ್ತದೆ.

ಕೇಬಲ್ ಇಲ್ಲದ ಥ್ರಾಟಲ್

ಹೊಸ ಕಾರುಗಳಲ್ಲಿ ಕವಾಟವನ್ನು ಮೋಟಾರು ತೆರೆಯುತ್ತದೆ, ಎಕ್ಸಲರೇಟರಿಗೂ ಕವಾಟಕ್ಕೂ ಕೇಬಲ್ ಸಂಬಂಧವಿಲ್ಲ. ಸುರಕ್ಷತೆಗಾಗಿ ಒಂದೇ ಕವಾಟದ ಮೇಲೆ ಎರಡು ಸೆನ್ಸರುಗಳು ಪ್ರತ್ಯೇಕವಾಗಿ ವರದಿ ಮಾಡುತ್ತವೆ. ಕೆಲವು ಕಾರುಗಳಲ್ಲಿ ಒಂದರ ವೋಲ್ಟೇಜ್ ಏರಿದಂತೆ ಇನ್ನೊಂದರದು ಇಳಿಯುತ್ತದೆ, ಬೇರೆ ಕೆಲವದರಲ್ಲಿ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಏರುತ್ತವೆ. ಇದನ್ನು ದ್ವಿನಮೂದು ಪದ್ಧತಿಯೆಂದೇ ಕರೆಯಬಹುದು. ಎರಡು ನಮೂದುಗಳು ತಾಳೆಯಾಗದಿದ್ದಾಗ ಪಿ 2135 ಸಂಕೇತ ಬರುತ್ತದೆ. ಆಗ ಇ.ಸಿ.ಯು. ಎಂಜಿನ್ನಿನ ಶಕ್ತಿಯನ್ನು ಮಿತಿಗೊಳಿಸಿ ಕಾರನ್ನು ಕುಂಟುತ್ತಾ ಸಾಗುವಷ್ಟಕ್ಕೆ ಮಾತ್ರ ಬಿಡುತ್ತದೆ. ಪರೀಕ್ಷೆಯ ಕ್ರಮ ಇಲ್ಲಿಯೂ ಅದೇ, ಸಿಗ್ನಲ್ ತಂತಿಗಳು ಮಾತ್ರ ಎರಡು. ಆದರೆ ಕೀ ಆನ್ ಇರುವಾಗ ಕವಾಟದೊಳಗೆ ಬೆರಳು ಹಾಕಲೇಬಾರದು, ಮೋಟಾರು ಥಟ್ಟನೆ ಮುಚ್ಚಿದರೆ ಬೆರಳಿಗೆ ಪೆಟ್ಟಾಗುತ್ತದೆ.

ಹಣದ ದೃಷ್ಟಿಯಿಂದ ಈ ವ್ಯವಸ್ಥೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇಂತಹ ಬಹಳಷ್ಟು ಕಾರುಗಳಿಗೆ ಸೆನ್ಸರ್ ಬಿಡಿಯಾಗಿ ದೊರೆಯುವುದಿಲ್ಲ, ಇಡೀ ಥ್ರಾಟಲ್ ಬಾಡಿಯನ್ನೇ ಕೊಳ್ಳಬೇಕಾಗುತ್ತದೆ. ಒಮ್ಮೆ ಅಳವಡಿಸಿದ ವಿದ್ಯುತ್ ಬಿಡಿಭಾಗವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ಬದಲಿಸಿದ ಬಳಿಕ ಹಲವು ಕಾರುಗಳಲ್ಲಿ ಕವಾಟದ ಮುಚ್ಚಿದ ಸ್ಥಾನವನ್ನು ಸ್ಕ್ಯಾನರ್ ಮೂಲಕ ಇ.ಸಿ.ಯು.ಗೆ ಮತ್ತೆ ಕಲಿಸಬೇಕಾಗುತ್ತದೆ. ಆ ಕೆಲಸ ಬಿಟ್ಟುಹೋದರೆ ಹೊಸ ಭಾಗವೂ ದೋಷಪೂರಿತವೆಂದೇ ಕಾಣುತ್ತದೆ.

ಬಿಲ್ಲು ಮತ್ತು ತೆರಿಗೆ

ಸಂಸ್ಥೆಯ ಹೆಸರಿನಲ್ಲಿರುವ ಕಾರಿನ ರಿಪೇರಿಗೆ ತೆತ್ತ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದೆಂಬ ಕಲ್ಪನೆ ಅನೇಕ ವರ್ತಕರಲ್ಲಿದೆ. ಚಾಲಕರೂ ಸೇರಿ 13 ಜನರಿಗಿಂತ ಹೆಚ್ಚಿನ ಆಸನ ಸಾಮರ್ಥ್ಯವಿಲ್ಲದ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣಾ ಸೇವೆಗೆ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಈ ಜಮೆಯನ್ನು ತಡೆಹಿಡಿಯುತ್ತದೆ. ವಾಹನಗಳ ವ್ಯಾಪಾರ, ಪ್ರಯಾಣಿಕರ ಸಾಗಾಟ, ಚಾಲನಾ ತರಬೇತಿ ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿಯಿದೆ. ಸರಕು ಸಾಗಣೆಯ ವಾಹನಗಳು ಈ ತಡೆಗೆ ಒಳಪಡುವುದಿಲ್ಲ. ಆದ್ದರಿಂದ ಮಾಲಿಕರ ಅಥವಾ ಪ್ರತಿನಿಧಿಯ ಕಾರಿಗೆ ಅನವಶ್ಯಕವಾಗಿ ಕೊಂಡ ಥ್ರಾಟಲ್ ಬಾಡಿಯ ಬೆಲೆಯ ಜೊತೆಗೆ ಅದರ ಮೇಲಿನ ತೆರಿಗೆಯೂ ಖರ್ಚಿನ ಖಾತೆಗೇ ಬೀಳುತ್ತದೆ.

ಕಾರನ್ನು ಒಪ್ಪಿಸುವಾಗಲೇ ಜಾಬ್ ಕಾರ್ಡಿನಲ್ಲಿ ನಾಲ್ಕು ವಿವರ ಬರೆಯಿಸುವುದು ರೂಢಿಯಾಗಬೇಕು: ಸ್ಕ್ಯಾನರಿನಲ್ಲಿ ಬಂದ ಸಂಕೇತದ ಸಂಖ್ಯೆ, 5 ವೋಲ್ಟಿನ ಪಿನ್ನಿನಲ್ಲಿ ಸಿಕ್ಕ ಅಂಕಿ, ಅರ್ಥ್ ಪರೀಕ್ಷೆಯ ಫಲಿತಾಂಶ, ಕವಾಟ ಮುಚ್ಚಿದಾಗ ಮತ್ತು ಪೂರ್ತಿ ತೆರೆದಾಗ ಸಿಗ್ನಲ್ ವೋಲ್ಟೇಜ್. ಅಳತೆ ಬಲ್ಲ ಮೆಕ್ಯಾನಿಕ್ ಇದರಿಂದ ಬೇಸರಪಡುವುದಿಲ್ಲ. ಪರೀಕ್ಷೆಗೆ ತಗುಲಿದ ಸಮಯಕ್ಕೆ ಅವರು ಪ್ರತ್ಯೇಕ ಮಜೂರಿ ಕೇಳಿದರೆ ಅದನ್ನು ಚೌಕಾಸಿ ಮಾಡದೆ ಕೊಡುವುದು ಲೇಸು. ಪರೀಕ್ಷೆಗೆ ಹಣ ಕೊಡದ ಗಿರಾಕಿಗೆ ಬಿಡಿಭಾಗ ಮಾರಿಯೇ ಗ್ಯಾರೇಜಿನವರು ತಮ್ಮ ದಿನದ ಕೂಲಿ ಹುಟ್ಟಿಸಬೇಕಾಗುತ್ತದೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ದೀಪ ಆರಲೆಂದು ದಾರಿಯಲ್ಲಿ ಬ್ಯಾಟರಿಯ ತಂತಿ ಕಳಚದಂತೆ ಚಾಲಕರಿಗೆ ಮೊದಲೇ ತಿಳಿಸಿರಬೇಕು. ಹಾಗೆ ಮಾಡಿದರೆ ಬಹುತೇಕ ಕಾರುಗಳಲ್ಲಿ ಸಂಕೇತವೂ, ದೋಷ ಬಂದ ಕ್ಷಣದ ವೇಗ, ಉಷ್ಣಾಂಶ ಮೊದಲಾದ ದಾಖಲೆಗಳೂ ಅಳಿಸಿಹೋಗಿ, ಮೆಕ್ಯಾನಿಕ್ ಬರಿಗೈಯಲ್ಲಿ ಹುಡುಕಾಟ ಆರಂಭಿಸಬೇಕಾಗುತ್ತದೆ.