ಇಂದಿನ ಧಮ್ಮ ಚಿಂತನೆ: ಗೇರ್‌ಬಾಕ್ಸ್ ಯಾವುದು?



ಚಕ್ರ, ಅಚ್ಚು, ನೊಗ ಇವುಗಳಲ್ಲಿ ರಥ ಯಾವುದು ಎಂದು ಭಿಕ್ಖು ನಾಗಸೇನರು ಮಿಲಿಂದ ರಾಜನನ್ನು ಕೇಳಿದ್ದು ನಮಗೆ ಗೊತ್ತು. ಹಳೆಯ ಅಂಬಾಸಿಡರ್ ಕಾರಿನ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದವರಿಗೂ ಅದೇ ಪ್ರಶ್ನೆ. ಹಲ್ಲುಚಕ್ರವೇ? ಶಾಫ್ಟೇ? ಬೇರಿಂಗೇ? ಯಾವುದೂ ಅಲ್ಲ. ಕ್ರಮವಾಗಿ ಕೂಡಿದಾಗ ಮಾತ್ರ ಆ ಹೆಸರು.

ಆ ಕ್ರಮವೇ ಕಷ್ಟ. ಲೇಶಾಫ್ಟಿನ ಸೂಜಿಯಂಥ ರೋಲರ್‌ಗಳನ್ನು ಗ್ರೀಸಿನಲ್ಲಿ ಅಂಟಿಸಿ ಒಂದೊಂದಾಗಿ ಕೂರಿಸಬೇಕು; ಒಂದು ಒಳಗೆ ಉದುರಿದರೂ ಮತ್ತೆ ಬಿಚ್ಚಬೇಕು. ಸಿಂಕ್ರೋ ಹಬ್ಬನ್ನು ಬಟ್ಟೆ ಸುತ್ತಿಯೇ ಬಿಚ್ಚಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು, ಗುಂಡುಗಳು ಹಾರಿ ಮಂಚದಡಿ ಸೇರುತ್ತವೆ! ಎರಡು ಚಕ್ರಗಳ ವೇಗವನ್ನು ಉಜ್ಜಿ ಸಮ ಮಾಡಿ, ಆಮೇಲೆ ಹಲ್ಲು ಕೂಡಲು ಬಿಡುವುದು ಸಿಂಕ್ರೋ. ಹಳೆಯ ಮಾಡೆಲ್‌ಗಳ ಮೊದಲ ಗೇರಿಗೆ ಅದಿಲ್ಲ. ಗಾಡಿ ನಿಂತ ಮೇಲೆಯೇ ಹಾಕಬೇಕು.

ಇಷ್ಟೆಲ್ಲ ಬಲ್ಲ ಗ್ರೀಸ್ ಮೆತ್ತಿದ ಕೈಯನ್ನು ಈ ದೇಶ ಕೀಳೆಂದು ಕರೆಯಿತು. ಜಾತಿ ಎಂಬುದು ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು.

ಇಂದು ಸಂಜೆ ಮಿಲಿಂದ ಪನ್ಹದ ರಥದ ಭಾಗವನ್ನು ಮಕ್ಕಳೊಂದಿಗೆ ಓದಿ. ಹಳೆಯ ಬೇರಿಂಗೊಂದು ಸಿಕ್ಕರೆ ಅವರ ಕೈಗೆ ಕೊಡಿ, ಬಿಚ್ಚಲಿ.