ಒಳ್ಳೆಯ ಕಾರ್ಟ್ರಿಜ್ ಪೆಟ್ಟಿಗೆಯಲ್ಲೇ ಇರಲೇ?

ಪ್ರಶ್ನೆ: ನನ್ನ ಬಳಿ ರೆಕಾರ್ಡ್ ಪ್ಲೇಯರಿನ ಶೂರ್ ವಿ15 ಟೈಪ್ 3 ಕಾರ್ಟ್ರಿಜ್ ಇದೆ. ಕಂಪನಿ ಈಗ ಇವನ್ನು ಮಾಡುತ್ತಿಲ್ಲ. ಸವೆದುಹೋದೀತೆಂದು ಎತ್ತಿಟ್ಟು, ಅಗ್ಗದ್ದರಲ್ಲೇ ಕೇಳುತ್ತಿದ್ದೇನೆ. ಸರಿಯೇ?

ಉತ್ತರ: ಬೇಡ, ಹೊರತೆಗೆದು ಬಳಸಿ. ಶೂರ್ 2018ರಲ್ಲಿ ಕಾರ್ಟ್ರಿಜ್ ತಯಾರಿಕೆ ನಿಲ್ಲಿಸಿದ್ದು ನಿಜ. ಆದರೆ ನಿಮ್ಮದು ಮೂವಿಂಗ್ ಮ್ಯಾಗ್ನೆಟ್ ಬಗೆಯದು. ಸವೆಯುವುದು ಸೂಜಿ ಮಾತ್ರ. ಅದನ್ನು ಕೈಯಲ್ಲೇ ಕಳಚಿ ಬೇರೆ ಹಾಕಬಹುದು, ಜಪಾನಿನ ಜಿಕೊ ಕಂಪನಿ ಬದಲಿ ಸೂಜಿ ಮಾಡುತ್ತದೆ. ಇನ್ನೊಂದು ಮಾತು: ಸೂಜಿಕಡ್ಡಿಯನ್ನು ಹಿಡಿದಿರುವ ರಬ್ಬರು ಪೆಟ್ಟಿಗೆಯಲ್ಲಿದ್ದರೂ ವಯಸ್ಸಾಗಿ ಗಡಸಾಗುತ್ತದೆ. ಉಳಿಸಿಟ್ಟೆವೆಂದುಕೊಂಡದ್ದು ಹಾಗೇ ಹಾಳಾದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು, ಹೋದರೂ ಚಿಂತೆಯಿಲ್ಲದ ಒಂದು ಎಲ್‌ಪಿ ಹಾಕಿ, ಸೂಜಿಯ ಭಾರ 1 ಗ್ರಾಂ ಆಸುಪಾಸು ಇಟ್ಟು ಕೇಳಿ. 'ಸ' ಅಕ್ಷರ ಕರ್ಕಶವಾದರೆ, ಸೂಜಿ ಜಿಗಿದರೆ ಅಥವಾ ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗಿದರೆ ಆ ಸೂಜಿಯನ್ನು ಬಿಟ್ಟುಬಿಡಿ. ಸೂಜಿಯ ಸವೆದ ವಜ್ರದ ತುದಿ ರೆಕಾರ್ಡನ್ನೇ ಕೊರೆಯುತ್ತದೆ, ಆ ನಷ್ಟ ಸೂಜಿಗಿಂತ ದೊಡ್ಡದು. ಚೆನ್ನಾಗಿದ್ದರೆ, ತೊಳೆದ ಒಳ್ಳೆಯ ರೆಕಾರ್ಡುಗಳಿಗೆ ಇದು, ಗೀರುಬಿದ್ದವಕ್ಕೆ ಅಗ್ಗದ್ದು. ಹಳೆಯ 78 ಆರ್‌ಪಿಎಂ ಪ್ಲೇಟುಗಳಿಗೆ ಎರಡೂ ಬೇಡ, ಅವಕ್ಕೆ ದಪ್ಪ ತುದಿಯ ಸೂಜಿ ಬೇರೆಯೇ ಇದೆ. ಸೂಜಿ ಶುಚಿಮಾಡುವಾಗ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕಷ್ಟೇ ಎಳೆಯಿರಿ.

ಸುಮಾರು 500 ಗಂಟೆ ಕೇಳಿದ ಮೇಲೆ ಸೂಕ್ಷ್ಮದರ್ಶಕವಿರುವ ರಿಪೇರಿಯವರಿಗೆ ತುದಿ ತೋರಿಸಿ. ಒಂದು ಕಡೆ ಸದ್ದು ನಿಂತರೂ ಅವರ ಬಳಿಯೇ ಹೋಗಿ, ನೀವೇ ಬೆಸುಗೆ ಹಾಕಬೇಡಿ: ಕಾರ್ಟ್ರಿಜ್ ಪಿನ್ನಿನ ಬಿಸಿ ಒಳಗಿನ ಎಳೆತಂತಿಯನ್ನು ಕಡಿಯಬಹುದು.