ಗೋಬಿಯ ಕೆಂಪು, ತಾಯಿಯ ದಿಗಿಲು

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ತವರು ಅಫಜಲಪುರ ಕಡೆ, ಅಕ್ಕನನ್ನು ಜೇವರ್ಗಿಗೆ ಕೊಟ್ಟಿದ್ದಾರೆ. ನನ್ನ ಮಗನಿಗೆ ಏಳು ವರ್ಷ. ಸಂತೆಗೆ ಹೋದರೆ ಗೋಬಿ ಮಂಚೂರಿ, ಜಾತ್ರೆಗೆ ಹೋದರೆ ಬಾಂಬೆ ಮಿಠಾಯಿ ಬೇಕೇ ಬೇಕು. ಆ ಬಣ್ಣದಿಂದ ಕ್ಯಾನ್ಸರ್ ಬರುತ್ತದೆ ಎಂಬ ವಿಡಿಯೊವನ್ನು ಅಕ್ಕ ಕಳಿಸಿದಾಗಿನಿಂದ ನನಗೆ ನಿದ್ದೆಯಿಲ್ಲ. ಇಷ್ಟು ದಿನ ಕೊಡಿಸಿದವಳು ನಾನೇ. ಈಗ ಬೇಡವೆಂದರೆ ಅವನು ನೆಲಕ್ಕೆ ಬಿದ್ದು ಅಳುತ್ತಾನೆ. ಅತ್ತೆಯವರು, “ನಾವೂ ಬಣ್ಣದ್ದು ತಿಂದೇ ದೊಡ್ಡವರಾಗೀವಿ, ನಮಗೇನಾಗ್ಯಾದ?” ಅನ್ನುತ್ತಾರೆ. ಬೇಳೆ, ಅರಿಶಿಣ, ಕುಂಕುಮ ಎಲ್ಲದರ ಮೇಲೂ ಸಂಶಯ ಬಂದಿದೆ. ಕುಂಕುಮ ಇಡುವ ಜಾಗ ತುರಿಸುತ್ತದೆ ಕೂಡ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ನಿಮ್ಮ ನಿದ್ದೆಯ ವಿಚಾರ. ಮಗನಿಗೆ ಪ್ರೀತಿಯಿಂದ ಕೊಡಿಸಿದ ತಿನಿಸಿನಲ್ಲಿ ಯಾವ ಪುಡಿ ಬೆರೆತಿತ್ತೆಂದು ಕಣ್ಣಿನಿಂದ ನೋಡಿ ಹೇಳುವುದು ಆಹಾರ ಸುರಕ್ಷತಾ ಅಧಿಕಾರಿಗೂ ಆಗದ ಕೆಲಸ. ಅದಕ್ಕೆ ಪ್ರಯೋಗಾಲಯವೇ ಬೇಕು. ನಿಮಗೆ ಗೊತ್ತಾಗಲಿಲ್ಲ ಎಂಬುದು ನಿಮ್ಮ ತಪ್ಪಲ್ಲ.

ಹಾಗೆಂದು ನಿಮ್ಮ ಆತಂಕ ಸುಳ್ಳೂ ಅಲ್ಲ. ರಾಜ್ಯದಲ್ಲಿ 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರದ್ದು ಇದೇ ಕಥೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇವೆರಡರಲ್ಲೂ ಇಂಥ ಬಣ್ಣ ಬಳಸುವುದನ್ನು ನಿಷೇಧಿಸಿದರು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಆದೇಶ ಬಂತು.

ವಿಡಿಯೊಗಳು ಎಲ್ಲ ಬಣ್ಣವನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ಬಾಂಬೆ ಮಿಠಾಯಿಗೆ ಗುಲಾಬಿ ರಂಗು ಕೊಡುವ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅದು ಆಹಾರದಲ್ಲಿ ಒಂದು ಚಿಟಿಕೆಯೂ ಇರಕೂಡದು. ಅದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಯೇ ಎಂದು ತೀರ್ಮಾನಿಸಲು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗಕ್ಕೂ ಸಾಕಷ್ಟು ಪುರಾವೆ ಸಿಕ್ಕಿಲ್ಲ. ಆದರೂ ಬಟ್ಟೆಯ ಬಣ್ಣವನ್ನು ಮಗುವಿನ ಹೊಟ್ಟೆಗೆ ಹಾಕಲು ಕಾರಣವೇ ಇಲ್ಲ. ಬಣ್ಣದ ಬಾಂಬೆ ಮಿಠಾಯಿಯನ್ನು ಪೂರ್ತಿ ನಿಲ್ಲಿಸಿ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಬೇರೆ ಜಾತಿಯವು. ಐಸ್‌ಕ್ರೀಂ, ಬಿಸ್ಕತ್ತು, ಮಿಠಾಯಿಯಂಥ ಕೆಲವು ತಿನಿಸುಗಳಲ್ಲಿ ಅಳತೆಗೆ ಒಳಪಟ್ಟು ಇವಕ್ಕೆ ಅನುಮತಿ ಇದೆ, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ. ಗೋಬಿ ಆ ಪಟ್ಟಿಯಲ್ಲಿಲ್ಲ.

ಒಂದು ಲೆಕ್ಕ ನೋಡಿ. ಸನ್‌ಸೆಟ್ ಯೆಲ್ಲೊ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 4 ಮಿಲಿಗ್ರಾಂವರೆಗೆ ಜೀವನಪೂರ್ತಿ ಸೇವಿಸಿದರೂ ತೊಂದರೆಯಿಲ್ಲ ಎಂದು ತಜ್ಞರು ಮಿತಿ ಹಾಕಿದ್ದಾರೆ. ನಿಮ್ಮ ಮಗ 20 ಕಿಲೋ ಇದ್ದರೆ ಅದು 80 ಮಿಲಿಗ್ರಾಂ. ಕಾನೂನಿನ ಅಳತೆಯಲ್ಲೇ ಬಣ್ಣ ಹಾಕಿದ ತಿನಿಸಾದರೆ ದಿನಾಲೂ 800 ಗ್ರಾಂ ತಿಂದಾಗ ಅಷ್ಟಾಗುತ್ತದೆ. ಸಂತೆಯ ಒಂದು ಪ್ಲೇಟ್ ಎಲ್ಲಿ, ಇದೆಲ್ಲಿ! ತಿಂದದ್ದರ ಬಗ್ಗೆ ಕೊರಗಬೇಡಿ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ. ಆದರೆ ಬಂಡಿಯಲ್ಲಿ ತಕ್ಕಡಿ ಇರುವುದಿಲ್ಲ, ಕೈಗೆ ಬಂದಷ್ಟು ಹಾಕುತ್ತಾರೆ. ಆದ್ದರಿಂದ ಮುಂದಿನದರ ಬಗ್ಗೆ ಎಚ್ಚರ ಬೇಕು.

ಇನ್ನೊಂದು ವಿಚಾರವನ್ನು ವಿಡಿಯೊಗಳು ಹೇಳುವುದೇ ಅಪರೂಪ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಸಂಶೋಧಕರು ಮೂರು ವರ್ಷದ ಹಾಗೂ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಇಂಥ ಆರು ಬಣ್ಣಗಳ ಮಿಶ್ರಣಗಳ ಜೊತೆ ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಿತು. ಎಲ್ಲ ಮಕ್ಕಳಲ್ಲೂ ಅಲ್ಲ, ಭಾರೀ ಪ್ರಮಾಣದಲ್ಲೂ ಅಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಆ ಆರು ಬಣ್ಣಗಳಲ್ಲಿ ಯಾವುದಾದರೂ ಇರುವ ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚಾಗುತ್ತಿದೆ. ಗೋಬಿಯಲ್ಲಿ ಸಿಕ್ಕ ಮೂರೂ ಆ ಆರರಲ್ಲಿವೆ. ನಿಮ್ಮೂರ ಕಿರಾಣಿ ಅಂಗಡಿಯ ಐದು ರೂಪಾಯಿ ಪೊಟ್ಟಣದ ಹಿಂದೆ 102, 110, 122, 124 ಎಂಬ ಸಂಖ್ಯೆಗಳಿದ್ದರೆ ಅವೇ ಬಣ್ಣಗಳು. ವಾರಕ್ಕೊಂದು ಪ್ಲೇಟ್ ಗೋಬಿಗಿಂತ ದಿನಾಲೂ ಕೈಗೆ ಸಿಗುವ ಈ ಪೊಟ್ಟಣ, ಬಣ್ಣದ ಐಸ್‌ಕ್ಯಾಂಡಿಗಳ ಮೇಲೆ ನಿಮ್ಮ ಕಣ್ಣಿರಲಿ. ಅವನ್ನು ತಿಂದ ಮೇಲೆ ಮೈಮೇಲೆ ದದ್ದು ಎದ್ದರೆ, ಉಬ್ಬಸ ಬಂದರೆ ವೈದ್ಯರಿಗೆ ತೋರಿಸಿ. ಟಾರ್ಟ್ರಾಜಿನ್ ಕೆಲವರಿಗೆ ಒಗ್ಗುವುದಿಲ್ಲ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಬೆಂಡು-ಬತ್ತಾಸಿಗೂ ಬಣ್ಣವಿತ್ತು, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೂ ಇತ್ತು. ಆದರೆ ಜಾತ್ರೆ, ಹುಣ್ಣಿಮೆ ವರ್ಷಕ್ಕೊಮ್ಮೆ ಬರುತ್ತಿದ್ದವು, ಈಗ ಬಣ್ಣ ದಿನಾ ಬರುತ್ತದೆ ಎಂದು ಅವರಿಗೆ ತಿಳಿಸಿ. ಮನೆಯಲ್ಲಿ ಗೋಬಿ ಮಾಡಲು ಅವರನ್ನೇ ಮುಂದೆ ಬಿಡಿ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಖಾರ ಕಡಿಮೆ, ಕೆಂಪು ಧಾರಾಳ. ಮಗನ ಮುಂದೆ ಕ್ಯಾನ್ಸರ್ ಎಂಬ ಪದ ಎತ್ತಲೇಬೇಡಿ, ಏಳು ವರ್ಷದವನಿಗೆ ಆ ಭಾರ ಬೇಡ. ಬಂಡಿ ಮುಂದೆ ನಿಂತು ಬೇಡ ಎನ್ನುವುದಕ್ಕಿಂತ ಮನೆ ಬಿಡುವ ಮೊದಲೇ ಹೇಳಿ: ಇವತ್ತು ಬಣ್ಣ ಹಾಕದ್ದು ಸಿಕ್ಕರೆ ಮಾತ್ರ. ಎರಡು-ಮೂರು ಸಂತೆ ಅಳುತ್ತಾನೆ. ಆ ಅಳುವಿಗೆ ನೀವೂ ಅತ್ತೆಯವರೂ ಬೇರೆ ಬೇರೆ ಉತ್ತರ ಕೊಡದಿದ್ದರೆ ಸಾಕು.

ಬೇಳೆಯ ವಿಷಯದಲ್ಲಿ ನೀವು ಪುಣ್ಯವಂತರು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ ಬೆಳೆಯುವುದೇ ನಿಮ್ಮ ಸುತ್ತಲಿನ ಹೊಲಗಳಲ್ಲಿ. ಹೊಲದ ತೊಗರಿಯನ್ನು ಒಡೆಸಿದಾಗ ಬೇಳೆಯ ಹಳದಿ ಎಷ್ಟು ಮಂದವಾಗಿರುತ್ತದೆ ಎಂದು ನಿಮಗೆ ಗೊತ್ತು. ಅಂಗಡಿಯ ಬೇಳೆ ಅದಕ್ಕಿಂತ ಕಣ್ಣು ಕುಕ್ಕುವಂತಿದ್ದರೆ ಬಿಟ್ಟುಬಿಡಿ. ಬೇಳೆ, ಅರಿಶಿಣಕ್ಕೆ ಮೆಟಾನಿಲ್ ಯೆಲ್ಲೊ ಬೆರೆಸುವವರಿದ್ದಾರೆ, ಅದೂ ನಿಷಿದ್ಧ. ಅದನ್ನು ಪತ್ತೆಹಚ್ಚಲೆಂದು ಮನೆಯಲ್ಲಿ ಆ್ಯಸಿಡ್ ಹಿಡಿಯಬೇಡಿ. ಗಾಜಿನ ಲೋಟದ ನೀರಿಗೆ ಒಂದು ಚಮಚ ಅರಿಶಿಣ ಹಾಕಿ. ಒಳ್ಳೆಯದು ತಿಳಿಹಳದಿ ಬಿಟ್ಟು ತಳ ಸೇರುತ್ತದೆ, ಬಣ್ಣ ಬೆರೆತದ್ದು ನೀರನ್ನೆಲ್ಲ ಗಾಢವಾಗಿಸುತ್ತದೆ.

ಹಣೆಯ ತುರಿಕೆಯನ್ನು ಮಾತ್ರ ಮುಂದೂಡಬೇಡಿ. ಕುಂಕುಮ ಮೂಲದಲ್ಲಿ ಅರಿಶಿಣಕ್ಕೆ ಸುಣ್ಣದಂಥ ಕ್ಷಾರ ಸೇರಿ ಕೆಂಪಾಗುವ ಪುಡಿ. ಅಂಗಡಿಯದರಲ್ಲಿ ಬಹಳಷ್ಟು ಬಣ್ಣದ ಪುಡಿಯೇ. ಅದರಿಂದ ತುರಿಕೆಯಾಗಿ ಚರ್ಮ ಕಪ್ಪಾಗುವುದನ್ನು ಚರ್ಮವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. ಯಾವ ಕ್ಷೇತ್ರದಿಂದ ತಂದದ್ದಾದರೂ ಸರಿ, ಸದ್ಯಕ್ಕೆ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ. ಅತ್ತೆಯವರಿಗೆ ಬೇಸರವಾದೀತು ಅನ್ನಿಸಿದರೆ ವೈದ್ಯರ ಹತ್ತಿರ ಅವರನ್ನೂ ಕರೆದೊಯ್ಯಿರಿ. ಜಾತ್ರೆಯ ಕಪ್ಪು ಮೆಹಂದಿಯಿಂದಲೂ ದೂರವಿರಿ. ಅದಕ್ಕೆ ಕೂದಲಿನ ಡೈಗೆ ಬಳಸುವ ಪಿಪಿಡಿ ಬೆರೆಸುತ್ತಾರೆ, ಕೆಲವರಿಗೆ ಕೈತುಂಬ ಗುಳ್ಳೆ ಏಳುತ್ತವೆ.

ಇದನ್ನೆಲ್ಲ ಒಬ್ಬರೇ ಕಾಯಬೇಕಿಲ್ಲ. ಖರೀದಿಸಿದ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಲ್ಲಿ ಯಾವ ಗ್ರಾಹಕನಿಗೂ ಇದೆ. ದೋಷ ಕಂಡರೆ ಶುಲ್ಕ ವಾಪಸ್ ಬರುತ್ತದೆ. ಆದರೆ ನಾನಾದರೆ ಮೊದಲು ಶಾಲೆಯ ಹತ್ತಿರದ ಬಂಡಿಯವರ ಹತ್ತಿರ ನಾಲ್ಕು ತಾಯಂದಿರನ್ನು ಕರೆದುಕೊಂಡು ಹೋಗುತ್ತೇನೆ. ಬಂಡಿಯವರೂ ಮಕ್ಕಳಿರುವವರು, ಕೆಂಪಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಭಯಕ್ಕೆ ಬಣ್ಣ ಹಾಕುತ್ತಾರೆ. “ಅಣ್ಣಾ, ಕಲರ್ ಹಾಕಬ್ಯಾಡ್ರಿ, ನಾವು ನಿಮ್ಮ ಹತ್ರಾನೇ ತಗೋತೀವಿ” ಎಂದು ಹೇಳಿ, ಹೇಳಿದಂತೆ ಕೊಳ್ಳಿರಿ. ಆಮೇಲೂ ಹಾಕಿದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ನಾಲ್ವರೂ ಸಹಿ ಮಾಡಿ ದೂರು ಕೊಡಿ.